ದೇವರಿಗೆ ಐದು, ಜೇಬಿಗೆ ನೂರು

ಬ್ರಿಟನ್ನಿನಲ್ಲಿ ಬಡ್ಡಿಗೂ ತೆರಿಗೆ ಇದೆ ಅನ್ನೋದನ್ನೇ ಇಲ್ಲಿರುವ ನಮ್ಮ ಕಡೆಯ ಬಹಳ ಜನ ಮರೆತಿದ್ದರು. ಮರೆಯದೆ ಏನು ಮಾಡ್ತಾರೆ, ಬಡ್ಡಿಯೇ ಇರಲಿಲ್ಲವಲ್ಲ! 2020ರ ಮಾರ್ಚ್‌ನಿಂದ 2021ರ ಡಿಸೆಂಬರ್‌ವರೆಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ದರ ಬರೀ ಶೇ. 0.1. ಹತ್ತು ಸಾವಿರ ಪೌಂಡ್ ಇಟ್ಟರೆ ಎಷ್ಟೋ ಖಾತೆಗಳಲ್ಲಿ ವರ್ಷದ ಬಡ್ಡಿಗೆ ಇಬ್ಬರು ಹೊರಗೆ ಕಾಫಿ ಕುಡಿದು ಬರಬಹುದಿತ್ತು, ಕೇಕ್ ಕೇಳಬಾರದು ಅಷ್ಟೆ. ಆಮೇಲೆ ದರ ಏರಿತು ನೋಡಿ. 2023ರ ಆಗಸ್ಟ್ ಹೊತ್ತಿಗೆ ಶೇ. 5.25. ಎಲ್ಲರ ಮನೆಯಲ್ಲೂ ಖುಷಿ. ಖುಷಿಯ ಹಿಂದೆಯೇ ಲೆಕ್ಕ.

ಲೆಕ್ಕ ಕೇಳೋಕೆ ಸುಲಭ. ಶೇ. 20ರ ದರದಲ್ಲಿ ತೆರಿಗೆ ಕಟ್ಟುವವರಿಗೆ ವರ್ಷಕ್ಕೆ 1,000 ಪೌಂಡ್ ಬಡ್ಡಿಯವರೆಗೆ ತೆರಿಗೆ ಇಲ್ಲ. ಶೇ. 40ರವರಿಗೆ 500. ಅದಕ್ಕೂ ಮೇಲಿನವರಿಗೆ ಏನೂ ಇಲ್ಲ, ಅವರ ಬಗ್ಗೆ ನಾವ್ಯಾಕೆ ತಲೆ ಕೆಡಿಸಿಕೊಳ್ಳೋಣ. 2016ರ ಏಪ್ರಿಲ್‌ಗೆ ಮೊದಲು ಬ್ಯಾಂಕಿನವರೇ ತೆರಿಗೆ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದರು. ಈಗ ಪೂರ್ತಿ ಕೊಡುತ್ತಾರೆ, ಕೊಟ್ಟಿದ್ದೇವೆ ಅಂತ ತೆರಿಗೆ ಇಲಾಖೆಗೂ ತಿಳಿಸುತ್ತಾರೆ.

ನನ್ನ ಗೆಳತಿಯೊಬ್ಬಳಿಗೆ ಇದು ಗೊತ್ತಾದದ್ದು ಸಂಬಳದ ಚೀಟಿಯಿಂದ. ಎರಡು ವರ್ಷಕ್ಕೆ 20,000 ಪೌಂಡ್ ಕಟ್ಟಿಹಾಕಿದ್ದಳು, ಶೇ. 5ರ ಬಡ್ಡಿ, ಮಧ್ಯದಲ್ಲಿ ಮುಟ್ಟುವ ಹಾಗಿಲ್ಲ, ಎಲ್ಲ ಕೊನೆಗೆ ಒಟ್ಟಿಗೆ. ಒಟ್ಟಿಗೆ ಬಂತು, 2,050 ಪೌಂಡ್. ಎರಡು ವರ್ಷದ ಬಡ್ಡಿ ತಾನೇ, ವರ್ಷಕ್ಕೆ ಸಾವಿರದ ಲೆಕ್ಕದಲ್ಲಿ ಸರಿಹೋಗುತ್ತೆ ಅಂದುಕೊಂಡಿದ್ದಳು. ಹಾಗಿಲ್ಲವಂತೆ. ಕೈಗೆ ಯಾವಾಗ ಸಿಕ್ಕಿತೋ ಆ ವರ್ಷದ ಲೆಕ್ಕ. ಸಾವಿರ ಬಿಟ್ಟು ಉಳಿದ 1,050ಕ್ಕೆ ಶೇ. 20, ಅಂದರೆ 210 ಪೌಂಡ್. ಅದೇ ಬಡ್ಡಿಯನ್ನು ವರ್ಷ ವರ್ಷ ಕೈಗೆ ಕೊಡುವ ಖಾತೆ ಆರಿಸಿದ್ದರೆ ಎರಡು ವರ್ಷವೂ ಸರಿಯಾಗಿ ಸಾವಿರ ಸಾವಿರ, ತೆರಿಗೆ ಸೊನ್ನೆ. ಬಡ್ಡಿಗೆ ತೆರಿಗೆಯೇ ಇಲ್ಲದ ಐಸಾ ಅನ್ನೋ ಖಾತೆಯಲ್ಲಿ ಇಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಅದು ಬೇರೆ ಮಾತು. ಅದನ್ನು ಅವಳಿಗೆ ಹೇಳಿದವರು ಎಷ್ಟು ಜನ ಅಂದರೆ, ಈಗ ಆ ಶಬ್ದ ಕೇಳಿದರೇ ಫೋನ್ ಇಡುತ್ತಾಳೆ.

ಇಷ್ಟಕ್ಕೇ ಮುಗಿಯಲಿಲ್ಲ. ಹೋದ ವರ್ಷ ಇಷ್ಟು ಬಡ್ಡಿ ಬಂದಿದೆ, ಈ ವರ್ಷವೂ ಇಷ್ಟೇ ಬರುತ್ತೆ ಅನ್ನೋ ಅಂದಾಜಿನ ಮೇಲೆ ಟ್ಯಾಕ್ಸ್ ಕೋಡ್, ಅಂದರೆ ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕು ಅಂತ ಹೇಳುವ ಸಂಖ್ಯೆ, ಬದಲಾಗುತ್ತೆ. 1257ಎಲ್ ಇದ್ದದ್ದು ಕುಗ್ಗಿತು, ತಿಂಗಳು ತಿಂಗಳು ಸಂಬಳದಲ್ಲಿ ಚೂರು ಚೂರು ಕಡಿತ. ಅಷ್ಟರಲ್ಲಿ ಅವಳು ಆ ದುಡ್ಡಿನಲ್ಲಿ ಅಡುಗೆಮನೆ ಮಾಡಿಸಿ ಆಗಿತ್ತು! ಇಲ್ಲದ ಬಡ್ಡಿಗೆ ಯಾಕೆ ಹಿಡೀತೀರಿ, ಆ ದುಡ್ಡು ಈಗ ಗೋಡೆಯ ಟೈಲ್ಸ್ ಆಗಿದೆ ಅಂತ ಅವಳೇ ತಿಳಿಸಿ ಸರಿಮಾಡಿಸಿಕೊಳ್ಳಬೇಕಾಯಿತು.

ನಮ್ಮ ಮನೆಯ ಫಜೀತಿ ಬೇರೆ ಥರದ್ದು. ಅದರ ಬೇರು ದಾವಣಗೆರೆಯಲ್ಲಿದೆ.

ನಮ್ಮಪ್ಪ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ನಿವೃತ್ತಿ ಆದದ್ದು ಸಂಬಳಕ್ಕೆ ಮಾತ್ರ, ಸಲಹೆಗೆ ಆಗಿಲ್ಲ. ಅಳಿಯನ ಹೆಸರಿನಲ್ಲಿ ಎನ್‌ಆರ್‌ಇ ಡೆಪಾಸಿಟ್, ಅಂದರೆ ಹೊರದೇಶದಲ್ಲಿರುವ ಭಾರತೀಯರಿಗೆ ಅಂತಲೇ ಇರುವ ಠೇವಣಿ, ಮಾಡಿಸಿದ್ದು ಅವರೇ. ಹತ್ತು ಲಕ್ಷ, ಶೇ. 7. ವರ್ಷಕ್ಕೆ 70,000 ರೂಪಾಯಿ, ಇಲ್ಲಿನ ಲೆಕ್ಕದಲ್ಲಿ ಸುಮಾರು ಆರುನೂರು ಪೌಂಡ್.

“ಎನ್‌ಆರ್‌ಇ ಅಂದ್ರೆ ಟ್ಯಾಕ್ಸ್ ಇಲ್ಲ ಕಣೇ ಪುಟ್ಟಿ. ನನಗೇ ಹೇಳಿಕೊಡ್ತೀಯಾ?”

“ಅಪ್ಪ, ಇಂಡಿಯಾದಲ್ಲಿ ಇಲ್ಲ. ಇಲ್ಲಿ ಇದೆ.”

“ದುಡ್ಡು ಇಲ್ಲಿದೆ, ಬ್ಯಾಂಕು ಇಲ್ಲಿದೆ, ಬಡ್ಡಿ ಇಲ್ಲೇ ಬೀಳುತ್ತೆ. ಅವರದ್ದೇನು ಮಧ್ಯದಲ್ಲಿ?”

ಏನು ಅಂದರೆ, ಇಲ್ಲಿ ನೆಲೆಸಿದವರು ಪ್ರಪಂಚದಲ್ಲಿ ಎಲ್ಲೇ ದುಡಿದರೂ ಇಲ್ಲಿ ಲೆಕ್ಕ ಕೊಡಬೇಕು. 2025ರ ಏಪ್ರಿಲ್‌ನಿಂದ ಹೊಸದಾಗಿ ಬಂದವರು ಮೊದಲ ನಾಲ್ಕು ವರ್ಷಕ್ಕೆ ವಿನಾಯಿತಿ ಕೇಳಬಹುದು, ಆದರೆ ನಾವು ಬಂದು ಯಾವ ಕಾಲವಾಯಿತೋ. ಇಲ್ಲಿನ ಬ್ಯಾಂಕಿನ ಬಡ್ಡಿಯ ಥರ ಇದು ತಾನಾಗಿ ಟ್ಯಾಕ್ಸ್ ಕೋಡಿಗೆ ಹೋಗಿ ಕೂರುವುದಿಲ್ಲ, ನಾವೇ ರಿಟರ್ನ್‌ನಲ್ಲಿ ಬರೆಯಬೇಕು. ಹಾಗಂತ ಯಾರಿಗೂ ಗೊತ್ತಾಗಲ್ಲ ಅಂತಲೂ ಅಲ್ಲ. ಎರಡೂ ದೇಶಗಳು ಖಾತೆಗಳ ವಿವರ ಹಂಚಿಕೊಳ್ಳುತ್ತವೆ. ಊರಿನ ಬ್ಯಾಂಕು ಫಾರಂನಲ್ಲಿ ಇಲ್ಲಿನ ತೆರಿಗೆ ನಂಬರ್ ಕೇಳಿ ಬರೆಸಿಕೊಳ್ಳೋದು ಸುಮ್ನೆ ಅಲ್ಲ. ಇದನ್ನು ಕೇಳಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ “ಊಟ ಆಯ್ತಾ?” ಅಂದರು. ಸೋತಾಗ ಅವರು ಊಟದ ವಿಷಯಕ್ಕೆ ಬರುತ್ತಾರೆ.

ಇನ್ನು ವರ್ಷದ ಸಮಸ್ಯೆ. ಭಾರತದ ಲೆಕ್ಕ ಏಪ್ರಿಲ್ 1ಕ್ಕೆ ಶುರು, ಮಾರ್ಚ್ 31ಕ್ಕೆ ಮುಗೀತು. ಇಲ್ಲಿ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5. ಹಿಂದೆ ಇಲ್ಲಿ ವರ್ಷದ ಲೆಕ್ಕ ಮಾರ್ಚ್ 25ಕ್ಕೆ ಹೊಂದಿಕೊಂಡಿತ್ತಂತೆ. 1752ರಲ್ಲಿ ಕ್ಯಾಲೆಂಡರ್ ಬದಲಾಯಿಸಿ ಹನ್ನೊಂದು ದಿನ ಕೈಬಿಟ್ಟಾಗ, ದಿನ ಕಳೆದುಕೊಂಡರೂ ತೆರಿಗೆ ಕಳೆದುಕೊಳ್ಳಬಾರದು ಅಂತ ಲೆಕ್ಕ ಮುಂದಕ್ಕೆ ಹಾಕಿದರು. ಆ ಹನ್ನೊಂದು ದಿನದ ಶಾಪ ದಾವಣಗೆರೆಯ ಬ್ಯಾಂಕಿನ ಕೌಂಟರಿನವರೆಗೂ ಬಂದು ತಟ್ಟಿತು. ಏಪ್ರಿಲ್ 6ರಿಂದ ಏಪ್ರಿಲ್ 5ರವರೆಗಿನ ಬಡ್ಡಿ ಸರ್ಟಿಫಿಕೇಟ್ ಬೇಕು ಅಂತ ನಮ್ಮನೆಯವರು ಫೋನ್ ಮಾಡಿದರು.

“ಮಾರ್ಚ್ ಎಂಡಿಂಗ್ ಕೊಡ್ತೀನಿ ಸರ್.”

“ಅದಲ್ಲ, ಏಪ್ರಿಲ್ ಐದು.”

“ಐದಕ್ಕೆ ಏನಿದೆ ಸರ್, ಹಬ್ಬಾನಾ?”

ಸಿಸ್ಟಮ್‌ನಲ್ಲಿ ಆ ಆಪ್ಷನ್ನೇ ಇಲ್ಲವಂತೆ. ಮ್ಯಾನೇಜರ್ ಬಂದರು, ಅಪ್ಪ ತಮ್ಮ ಹಳೆಯ ಪರಿಚಯ ಎಲ್ಲ ಹಿಡಿದುಕೊಂಡು ಬ್ಯಾಂಕಿಗೇ ಹೋಗಿ ಕೂತರು, ಚಹಾ ತರಿಸಿದರಂತೆ, ಕೊನೆಗೆ ದಿನಾಂಕ ಹಾಕಿ ಖಾತೆಯ ಸ್ಟೇಟ್‌ಮೆಂಟ್ ತೆಗೆದು ಕಳಿಸಿದರು. ನೋಡಿದರೆ, ಬಡ್ಡಿ ಬೀಳುವುದು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಕೊನೆಗೆ. ಏಪ್ರಿಲ್‌ನ ಮೊದಲ ಐದು ದಿನದಲ್ಲಿ ನಯಾಪೈಸೆ ಇಲ್ಲ. ಎರಡೂ ಲೆಕ್ಕ ಒಂದೇ ಮೊತ್ತ.

ಆ ಮೊತ್ತವನ್ನು ಪೌಂಡ್ ಮಾಡಿ, ಇಲ್ಲಿನ ಬಡ್ಡಿಗೆ ಸೇರಿಸಿದ ಸಂಜೆ ನಮ್ಮನೆಯವರ ಮುಖ ನೋಡಬೇಕಿತ್ತು. ಯಾಕೆ ಅಂತ ಒಂದು ಉದಾಹರಣೆ ಕೊಡ್ತೀನಿ, ಯಾರದ್ದು ಅಂತ ಕೇಳಬೇಡಿ. ಸಂಬಳ 49,270 ಪೌಂಡ್, ಬಡ್ಡಿ 1,000. ಒಟ್ಟು 50,270, ಶೇ. 20ರ ಗೆರೆ ಸರಿಯಾಗಿ ಅಲ್ಲಿಯವರೆಗೆ. ಬಡ್ಡಿಗೆ ತೆರಿಗೆ ಸೊನ್ನೆ. ಈಗ ಬಡ್ಡಿ 1,001 ಅಂತಿಟ್ಟುಕೊಳ್ಳಿ. ಒಂದೇ ಒಂದು ಪೌಂಡ್ ಗೆರೆ ದಾಟಿತು, ಮನುಷ್ಯ ಶೇ. 40ರ ಗುಂಪಿಗೆ ಸೇರಿದ, ಅವನ ಸಾವಿರದ ವಿನಾಯಿತಿ ಐನೂರಕ್ಕೆ ಇಳಿಯಿತು. ಐನೂರಕ್ಕೆ ಶೇ. 20, ಆ ಒಂದು ಪೌಂಡಿಗೆ ಶೇ. 40. ಒಟ್ಟು 100 ಪೌಂಡ್ 40 ಪೆನ್ಸ್. ಒಂದು ಪೌಂಡ್ ಜಾಸ್ತಿ ಬಂದದ್ದಕ್ಕೆ!

“ದಾವಣಗೆರೆಯ ಬಡ್ಡಿಯಿಂದಲೇ ಇದೆಲ್ಲ” ಅಂದರು ನಮ್ಮನೆಯವರು, ಅದನ್ನು ಮಾಡಿಸಿದ್ದು ನಾನೇ ಅನ್ನೋ ಥರ.

ಇದಕ್ಕೂ ಒಂದು ಮದ್ದಿದೆ, ಅದು ದಾನ. ಇಲ್ಲಿ ನೋಂದಾಯಿತ ಧರ್ಮಸಂಸ್ಥೆಗೆ ಗಿಫ್ಟ್ ಏಡ್ ಅನ್ನೋ ದಾನದ ತೆರಿಗೆ ಯೋಜನೆಯಲ್ಲಿ ದುಡ್ಡು ಕೊಟ್ಟರೆ ಆ ಗೆರೆಯೇ ಅಷ್ಟು ಮೇಲಕ್ಕೆ ಸರಿಯುತ್ತೆ. ಒಂದು ಪೌಂಡ್ ಕೊಟ್ಟರೆ ಒಂದೂಕಾಲು ಪೌಂಡಿನಷ್ಟು. ಹಿಂದಿನ ವರ್ಷದ ರಿಟರ್ನ್ ಸಲ್ಲಿಸುವ ಮೊದಲೇ ಕೊಟ್ಟರೆ ಆ ವರ್ಷಕ್ಕೂ ಹೊಂದಿಸಬಹುದು. ಜನವರಿಯ ಚಳಿಯಲ್ಲಿ, ಮಳೆಯಲ್ಲಿ, ಯಾವತ್ತೂ ಕರೆದರೂ ಬರದ ಮನುಷ್ಯ ತಾವಾಗಿ ದೇವಸ್ಥಾನಕ್ಕೆ ಹೊರಟರು. ಹುಂಡಿಗೆ ಹಾಕಿದರೆ ಲೆಕ್ಕಕ್ಕೆ ಬರಲ್ಲ, ಹೆಸರು ವಿಳಾಸ ಬೇಕು. ಕೌಂಟರಿನಲ್ಲಿದ್ದ ಗುಜರಾತಿ ಆಂಟಿ ಅರ್ಚನೆಗೆ ಅಂದುಕೊಂಡು ಗೋತ್ರ, ನಕ್ಷತ್ರ ಕೇಳಿದರು. ಇವರು ಪೋಸ್ಟ್‌ಕೋಡ್ ಹೇಳಿದರು. ಐದು ಪೌಂಡ್ ಕೊಟ್ಟು ಫಾರಂ ತುಂಬಿ ರಸೀದಿಯನ್ನು ಕಣ್ಣಿಗೊತ್ತಿಕೊಂಡರು, ತೀರ್ಥ ತೆಗೆದುಕೊಳ್ಳೋದು ಮರೆತರು.

ವರ್ಷಾ ವರ್ಷಾ ಹೀಗೆ ಗೆರೆಯ ಮೇಲೆ ನಡೆಯೋಕಾಗಲ್ಲ ಅಲ್ವಾ? ಮುಂದಿನ ಉಪಾಯವನ್ನು ಅವರೇ ಹುಡುಕಿದರು. ನಾನು ಶಾಲೆಯಲ್ಲಿ ಅರ್ಧ ದಿನದ ಕೆಲಸದವಳು, ಸಂಬಳ ತೆರಿಗೆ ಶುರುವಾಗುವ 12,570 ಪೌಂಡ್ ಮುಟ್ಟಲ್ಲ. ಅಂಥವರಿಗೆ ಬಡ್ಡಿಯ ಮೇಲೆ ಮೊದಲ 5,000 ಪೌಂಡಿಗೆ ತೆರಿಗೆ ದರ ಸೊನ್ನೆ, ಅದರ ಮೇಲೆ ಮಾಮೂಲಿ ಸಾವಿರ. ಗಂಡ ಹೆಂಡತಿಗೆ ದುಡ್ಡು ಕೊಟ್ಟರೆ ತೆರಿಗೆಯೂ ಇಲ್ಲ. ಮದುವೆಯಾದಾಗಿನಿಂದ ನನ್ನ ಹೆಸರಿಗೆ ಗ್ಯಾಸ್ ಬಿಲ್ ಬಿಟ್ಟರೆ ಏನೂ ಮಾಡಿಸದವರು, ಒಂದು ಭಾನುವಾರ ಬೆಳಗ್ಗೆ ಇಲ್ಲಿನ ಉಳಿತಾಯವನ್ನೆಲ್ಲ ನನ್ನ ಖಾತೆಗೆ ಹಾಕಿದರು. ಒಂದು ಷರತ್ತು ಮಾತ್ರ ಇದೆ: ಕೊಟ್ಟದ್ದು ನಿಜವಾಗಿ ಕೊಟ್ಟದ್ದೇ ಆಗಿರಬೇಕು, ಹೆಸರಿಗೆ ಮಾತ್ರ ಕೊಟ್ಟು ಹಿಂದಿನಿಂದ ತಾವೇ ಆಳುವ ಹಾಗಿಲ್ಲ. ಆ ಸಾಲನ್ನು ನಾನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ.

ಮೊನ್ನೆ ಕಾರಿನ ಎರಡು ಟೈರ್ ಹೋಗಿವೆ ಅಂತ ಬಂದು ನಿಂತರು. ಬೇರೆ ಗ್ಯಾರೇಜಿನಲ್ಲೂ ರೇಟ್ ಕೇಳಿ, ಎರಡನ್ನೂ ಬರೆದು ಕೊಡಿ, ಶುಕ್ರವಾರ ನೋಡಿ ಹೇಳ್ತೀನಿ ಅಂದೆ.