ಹೆಗಲಿಗೆ ಸೂಜಿ ಹಾಕಿಸಿಕೊಳ್ಳುವ ಮುನ್ನ

ಕತ್ತು-ಹೆಗಲು ನೋವಿಗೆ ಡ್ರೈ ನೀಡ್ಲಿಂಗ್, ಅಂದರೆ ಸ್ನಾಯುವಿನ ನೋಯುವ ಗಂಟಿಗೆ ಔಷಧಿಯಿಲ್ಲದ ಸೂಜಿ ಚುಚ್ಚುವ ಚಿಕಿತ್ಸೆ, ಮಾಡಿಸಿಕೊಳ್ಳುವವರು ಈಗ ಬಹಳ. ಕಂಪ್ಯೂಟರ್ ಮುಂದೆ ಕೂರುವವರು, ಜಿಮ್‌ಗೆ ಹೋಗುವವರು, ದಿನವಿಡೀ ಹೊಲಿಗೆ ಯಂತ್ರದ ಮೇಲೆ ಬಗ್ಗಿರುವವರು ಎಲ್ಲರೂ ಕೇಳುತ್ತಾರೆ. ನಾನು ಈ ಚಿಕಿತ್ಸೆಯ ವಿರೋಧಿಯಲ್ಲ. ಪಳಗಿದ ಕೈಯಲ್ಲಿ, ತಕ್ಕ ನೋವಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಹತ್ತು ಸಿಟ್ಟಿಂಗ್‌ಗೆ ಇಷ್ಟು ಎಂದು ಪ್ಯಾಕೇಜ್ ಕಟ್ಟಿ ಮಾರುವುದು ನನಗೆ ಒಪ್ಪಿಗೆಯಿಲ್ಲ. ಸೂಜಿಯಿಂದ ಸಿಗುವುದು ಕೆಲವು ದಿನಗಳ ಬಿಡುವು. ಆ ಬಿಡುವಿನಲ್ಲಿ ಸ್ನಾಯುವಿಗೆ ಕೆಲಸ ಕೊಡದೇ ಹೋದರೆ, ಅಪಾಯವನ್ನಷ್ಟೇ ಮೈಮೇಲೆ ಎಳೆದುಕೊಂಡ ಹಾಗೆ.

ಬಳಸುವುದು ತೆಳ್ಳನೆಯ ಉಕ್ಕಿನ ಸೂಜಿ. ಇಂಜೆಕ್ಷನ್ ಸೂಜಿಯಂತೆ ಒಳಗೆ ಟೊಳ್ಳಿಲ್ಲ, ಔಷಧಿ ಹೋಗುವುದಿಲ್ಲ. ಹೆಗಲಿಗೆ ಸಾಮಾನ್ಯವಾಗಿ 0.25 ಮಿ.ಮೀ. ದಪ್ಪದ, 30 ಅಥವಾ 40 ಮಿ.ಮೀ. ಉದ್ದದ್ದು ಸಾಕು. ಪೃಷ್ಠದ ದಪ್ಪ ಸ್ನಾಯುಗಳಿಗೆ 60 ಮಿ.ಮೀ. ಕೂಡ ಬೇಕಾಗುತ್ತದೆ. ಪ್ರತಿ ಸೂಜಿಯೂ ಮುಚ್ಚಿದ ಪೊಟ್ಟಣದಿಂದ ನಿಮ್ಮ ಕಣ್ಣೆದುರೇ ಹೊರಬರಬೇಕು. ಒಬ್ಬರಿಗೆ ಬಳಸಿದ್ದು ನೇರವಾಗಿ, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹೋಗಬೇಕು. ಹಾಕಿದ್ದೆಷ್ಟು, ತೆಗೆದದ್ದೆಷ್ಟು ಎಂದು ಎಣಿಸಿ ಹೇಳುವವರಿದ್ದರೆ ಅವರನ್ನು ನಂಬಬಹುದು.

ಇದರಲ್ಲಿ ಮುಕ್ಕಾಲು ಕೆಲಸ ಬೆರಳಿನದು. ಕತ್ತಿನಿಂದ ಹೆಗಲಿಗೆ ಇಳಿಯುವ ಮೇಲಿನ ಟ್ರಪೀಝಿಯಸ್ ಸ್ನಾಯುವಿನ ಎಳೆಗಳಿಗೆ ಅಡ್ಡಲಾಗಿ ಬೆರಳು ಸರಿಸಿದರೆ ಬಿಗಿದ ಒಂದು ಪಟ್ಟಿ ಸಿಗುತ್ತದೆ. ಅದರೊಳಗೆ ಒತ್ತಿದರೆ ಬಹಳ ನೋಯುವ ಒಂದು ಗಂಟು. ಅದನ್ನು ಐದಾರು ಸೆಕೆಂಡ್ ಒತ್ತಿ ಹಿಡಿದಾಗ ಕತ್ತಿನ ಪಕ್ಕದಲ್ಲಿ, ಕಿವಿಯ ಹಿಂದೆ ಅಥವಾ ಕಣತಲೆಯಲ್ಲಿ "ಇದೇ ನನ್ನ ನೋವು" ಎಂದು ಗುರುತಿಸುವಂಥ ನೋವು ಬರಬೇಕು. ಒತ್ತಿದ ಕಡೆಯೆಲ್ಲ ನೋಯುವುದು ಸಹಜ, ಅದನ್ನೆಲ್ಲ ಚುಚ್ಚುತ್ತಾ ಹೋಗುವುದು ಚಿಕಿತ್ಸೆಯಲ್ಲ. ಹುಡುಕದೆ ನೇರ ಸೂಜಿ ಹಿಡಿಯುವವರ ಬಳಿ ಮಲಗಬೇಡಿ.

ಹೌದು, ಮಲಗಿಯೇ ಮಾಡಿಸಿಕೊಳ್ಳಬೇಕು. ಕುರ್ಚಿಯಲ್ಲಿ ಕೂರಿಸಿ ಹಾಕಿದರೆ, ಅದೂ ಖಾಲಿ ಹೊಟ್ಟೆಯಲ್ಲಿದ್ದರೆ, ಬೆವರಿ ತಲೆಸುತ್ತಿ ಬೀಳುವವರಿದ್ದಾರೆ.

ಹೆಗಲಿನ ಮಟ್ಟಿಗೆ ಒಂದು ವಿಷಯದಲ್ಲಿ ರಾಜಿಯೇ ಇಲ್ಲ. ಶ್ವಾಸಕೋಶದ ತುದಿ ಕಾಲರ್ ಮೂಳೆಗಿಂತ 2-3 ಸೆಂ.ಮೀ. ಮೇಲಕ್ಕೆ ಚಾಚಿಕೊಂಡಿರುತ್ತದೆ. ಆದ್ದರಿಂದ ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಸ್ನಾಯುವನ್ನು ಚಿವುಟಿ ಎತ್ತಿ ಹಿಡಿದು, ಸೂಜಿಯನ್ನು ಎದುರಿನ ಬೆರಳಿನತ್ತ ನಡೆಸಬೇಕು. ಕೆಲಸ ಮುಗಿಯುವವರೆಗೆ ಆ ಹಿಡಿತ ಸಡಿಲಿಸುವಂತಿಲ್ಲ. ಎದೆಗೂಡಿನತ್ತ ನೇರ ಕೆಳಗಿಳಿಸಿದರೆ ಶ್ವಾಸಕೋಶದ ಪೊರೆ ತೂತಾಗಿ ಎದೆಯೊಳಗೆ ಗಾಳಿ ತುಂಬಬಹುದು. ಬೆನ್ನುಮೂಳೆ ಮತ್ತು ರೆಕ್ಕೆಮೂಳೆಯ ನಡುವಿನ ರಾಂಬಾಯ್ಡ್ ಸ್ನಾಯು ಇನ್ನೂ ಸೂಕ್ಷ್ಮ ಜಾಗ. ಅಲ್ಲಿ ಸ್ನಾಯು ತೆಳು, ಪಕ್ಕೆಲುಬಿನ ಸಂದಿಯ ಆಚೆಗೇ ಶ್ವಾಸಕೋಶ. ಅನುಭವ ಕಡಿಮೆ ಇರುವವರು ಅಲ್ಲಿ ಕೈಯಿಂದ ಒತ್ತಿ ಬಿಡಿಸುವುದೇ ಮೇಲು.

ಸರಿಯಾದ ಜಾಗಕ್ಕೆ ಮುಟ್ಟಿದಾಗ ಸ್ನಾಯು ಒಮ್ಮೆ ತಾನಾಗಿಯೇ ಸೆಟೆದು ಅದುರುತ್ತದೆ. ಸೂಜಿಯನ್ನು ಕೆಲವೇ ಮಿಲಿಮೀಟರ್ ಮೇಲೆ ಕೆಳಗೆ ಆಡಿಸುತ್ತಾರೆ. ದಿಕ್ಕು ಬದಲಿಸಬೇಕಾದರೆ ಚರ್ಮದಡಿಯವರೆಗೆ ಹಿಂದೆಳೆದು ಮತ್ತೆ ನಡೆಸಬೇಕು, ಒಳಗಿದ್ದಂತೆಯೇ ತಿರುಗಿಸಿದರೆ ಸೂಜಿ ಬಾಗುತ್ತದೆ. ಸ್ನಾಯು ಬಿಗಿದು ಸೂಜಿ ಸಿಕ್ಕಿಕೊಂಡರೆ ಎಳೆದಾಡದೆ ಸ್ವಲ್ಪ ಹೊತ್ತು ಬಿಡಬೇಕು, ತಾನೇ ಸಡಿಲವಾಗುತ್ತದೆ. ಕರೆಂಟ್ ಹೊಡೆದಂತೆ ಕೈಗುಂಟ ಚಳಕು ಹರಿದರೆ ಅದು ನರ, ಸೂಜಿ ತಕ್ಷಣ ಹೊರಬರಬೇಕು. ತೆಗೆದ ಮೇಲೆ ಹತ್ತಿಯಿಂದ ಅರ್ಧ ನಿಮಿಷ ಒತ್ತಿ ಹಿಡಿದರೆ ನೀಲಿಗಟ್ಟುವುದು ಕಡಿಮೆ. ಒಂದೆರಡು ದಿನ ಪೆಟ್ಟು ಬಿದ್ದಂಥ ನೋವು ಉಳಿಯುವುದು ಸಾಮಾನ್ಯ. ಬಿಸಿ ಶಾಖ ಮತ್ತು ಹಗುರ ಚಲನೆ ಸಾಕು.

ಸ್ನಾಯು ಅದುರಲೇಬೇಕೇ ಎಂಬ ಪ್ರಶ್ನೆಗೆ ಸಂಶೋಧಕರಲ್ಲೇ ಒಮ್ಮತವಿಲ್ಲ. ನೋವಿಗೆ ಈ ಗಂಟೇ ಮೂಲ ಎಂಬ ಸಿದ್ಧಾಂತವನ್ನೇ ಪ್ರಶ್ನಿಸುವವರೂ ಇದ್ದಾರೆ. 1979ರಲ್ಲಿ ಪ್ರಾಗ್‌ನ ವೈದ್ಯ ಕಾರೆಲ್ ಲೆವಿಟ್ 241 ರೋಗಿಗಳ ವರದಿ ಪ್ರಕಟಿಸಿ, ಔಷಧಿಯಿಲ್ಲದ ಸೂಜಿಯಿಂದಲೇ ಹೆಚ್ಚಿನವರಿಗೆ ತಕ್ಷಣ ನೋವು ಇಳಿದದ್ದನ್ನು ತೋರಿಸಿದರು. ಆಮೇಲೆ ಬಂದ ಹೋಲಿಕೆಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಮೊದಲ ಕೆಲವು ವಾರಗಳ ಲಾಭ ಕಾಣುತ್ತದೆ, ತಿಂಗಳುಗಳು ಕಳೆದಂತೆ ಅದು ಮಸುಕಾಗುತ್ತದೆ. ಅದಕ್ಕೇ ನನ್ನ ಹಟ ವ್ಯಾಯಾಮದ ಮೇಲೆ. ಡೆನ್ಮಾರ್ಕ್‌ನಲ್ಲಿ ಇದೇ ಟ್ರಪೀಝಿಯಸ್ ನೋವಿದ್ದ ಮಹಿಳೆಯರಿಗೆ ವಾರಕ್ಕೆ ಮೂರು ದಿನ, ದಿನಕ್ಕೆ 20 ನಿಮಿಷದಂತೆ 10 ವಾರ ಡಂಬೆಲ್ ವ್ಯಾಯಾಮ ಮಾಡಿಸಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೋವು ಗಣನೀಯವಾಗಿ ಇಳಿದಿತ್ತು. ಅಲ್ಲಿ ಸೂಜಿ ಇರಲಿಲ್ಲ. ನೋವಿನಿಂದ ಕೈ ಎತ್ತಲೂ ಹೆದರುವವರಿಗೆ ಆ ಡಂಬೆಲ್ ಹಿಡಿಯುವ ಧೈರ್ಯ ಬರುವಂತೆ ಮಾಡುವುದೇ ಸೂಜಿಯ ಸರಿಯಾದ ಪಾತ್ರ ಎಂಬುದು ನನ್ನ ನಿಲುವು. ಮರುದಿನದಿಂದಲೇ ಹೆಗಲು ಏರಿಸಿ ಇಳಿಸುವುದು, ನೋವು ತಗ್ಗಿದ ಮೇಲೆ 1-2 ಕಿಲೋ ಹಿಡಿದು 10ರಂತೆ ಮೂರು ಸುತ್ತು, ನಿಧಾನಕ್ಕೆ ತೂಕ ಹೆಚ್ಚಿಸುವುದು. ಎರಡು ಸಿಟ್ಟಿಂಗ್ ನಡುವೆ ಕನಿಷ್ಠ ಮೂರು ದಿನ ಇರಲಿ. ಮೂರು ಸಲ ಹಾಕಿಸಿಕೊಂಡರೂ ಬದಲಾವಣೆ ಇಲ್ಲವೆಂದರೆ ನಾಲ್ಕನೆಯದು ಬೇಡ, ನೋವಿನ ಮೂಲವನ್ನೇ ಮತ್ತೆ ಪರೀಕ್ಷಿಸಬೇಕು.

ಕೆಲವರಿಗೆ ಆರಂಭದಲ್ಲೇ ಬೇಡ ಎನ್ನಬೇಕು. ಕೈ ಮರಗಟ್ಟಿ ಹಿಡಿತ ಸೋಲುತ್ತಿದ್ದರೆ, ಜ್ವರ ಅಥವಾ ತೂಕ ಇಳಿಯುವುದರ ಜೊತೆ ನೋವಿದ್ದರೆ, ನಡೆದಾಗ ಎಡ ಹೆಗಲು ನೋಯಲು ಶುರುವಾಗಿ, ನಿಂತರೆ ನೋವು ಬಿಡುತ್ತಿದ್ದರೆ, ಮೊದಲು ವೈದ್ಯರು. ರಕ್ತ ತೆಳುವಾಗಿಸುವ ಮಾತ್ರೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಗರ್ಭ ಇವನ್ನು ಕೇಳದಿದ್ದರೂ ನೀವೇ ಹೇಳಿ. ಸ್ತನ ಕ್ಯಾನ್ಸರ್‌ಗೆ ಕಂಕುಳ ಗ್ರಂಥಿ ತೆಗೆಸಿದ್ದರೆ ಆ ಕಡೆಯ ಕೈ-ಹೆಗಲಿಗೆ ಸೂಜಿ ಬೇಡ.

ಸೂಜಿ ಹಾಕುವ ಫಿಸಿಯೋಗಳಲ್ಲಿ ನನ್ನದೊಂದು ಮನವಿ. ಹೆಗಲು, ಎದೆ, ಬೆನ್ನಿಗೆ ಹಾಕಿದ ಪ್ರತಿಯೊಬ್ಬರ ಕೈಗೂ, ಎಲ್ಲಿ ಹಾಕಿದ್ದು, ಎಷ್ಟು ಹೊತ್ತಿಗೆ ಹಾಕಿದ್ದು ಎಂದು ಕನ್ನಡದಲ್ಲಿ ಬರೆದ ಚೀಟಿ ಕೊಡಿ. ಎದೆಗೆ ಗಾಳಿ ತುಂಬುವುದು ಕೂಡಲೇ ಗೊತ್ತಾಗಬೇಕೆಂದಿಲ್ಲ. ಗಂಟೆಗಳ ಮೇಲೆ, ಕೆಲವೊಮ್ಮೆ ಮರುದಿನ, ಉಸಿರೆಳೆದಾಗ ಚುಚ್ಚುವ ನೋವು, ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಹಾಗಾದರೆ ಫಿಸಿಯೋಗೆ ಫೋನ್ ಮಾಡಿ ಕಾಯುತ್ತಾ ಕೂರದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಅಲ್ಲಿ ಮೊದಲ ಮಾತೇ "ಹೆಗಲಿಗೆ ಸೂಜಿ ಹಾಕಿಸಿಕೊಂಡಿದ್ದೆ" ಎಂದಿರಲಿ. ಅದು ತಿಳಿಯದಿದ್ದರೆ ಗ್ಯಾಸ್ ಎಂದೋ ಉಳುಕು ಎಂದೋ ಮಾತ್ರೆ ಕೊಟ್ಟು ಕಳಿಸುವ ಸಾಧ್ಯತೆ ಇದೆ, ತಿಳಿದರೆ ಎದೆಯ ಎಕ್ಸ್-ರೇ ತೆಗೆಯುತ್ತಾರೆ.