ಸೊಳ್ಳೆ ಕಚ್ಚದಿದ್ದರೆ ಇಟಲಿ ಒಂದಾಗುತ್ತಿತ್ತಂತೆ!

ಮತ್ತೆ ಅದೇ ಕಥೆ ಟೈಮ್‌ಲೈನಿಗೆ ಬಂದು ಬಿದ್ದಿದೆ. 1503ರ ಆಗಸ್ಟಿನಲ್ಲಿ ಪೋಪನ ಮಗ, ದಂಡನಾಯಕ ಚೆಸಾರೆ ಬೋರ್ಜಿಯಾ ರೋಮಿನಲ್ಲಿ ಜ್ವರ ಬಂದು ಮಲಗದೇ ಇದ್ದಿದ್ದರೆ, ಚೂರುಚೂರಾಗಿದ್ದ ಇಟಲಿ ಒಂದು ದೇಶವಾಗೋಕೆ 1861ರವರೆಗೆ ಕಾಯಬೇಕಾಗಿರಲಿಲ್ಲವಂತೆ. ಜೊತೆಗೊಂದು ಭೂಪಟ, ಆಲ್ಪ್ಸಿನಿಂದ ಸಿಸಿಲಿವರೆಗೆ ಒಂದೇ ಕೆಂಪು ಬಣ್ಣ. ನನ್ನ ಇತಿಹಾಸದ ಹುಚ್ಚು ಗೊತ್ತಿದ್ದೂ ಮೂರು ಜನ ಟ್ಯಾಗ್ ಮಾಡಿದ್ದೀರಿ. ಈಗ ಅನುಭವಿಸಿ.

ಬೋರ್ಜಿಯಾ ವಿಷಯ ಬೇಗ ಮುಗಿಸ್ತೀನಿ. ಅವನ ಬಂಡವಾಳ ಎರಡೇ: ಪೋಪ್ ಆಗಿದ್ದ ಅಪ್ಪ ಮತ್ತು ಫ್ರಾನ್ಸಿನ ದೊರೆ ಹನ್ನೆರಡನೇ ಲೂಯಿ. ಪೋಪ್ ಪೀಠ ಮಗನಿಗೆ ಬರುವಂಥದ್ದಲ್ಲ. ಲೂಯಿಯೋ, 1502ರಲ್ಲಿ ಚೆಸಾರೆಯ ಸೇನಾನಿ ವಿತೆಲ್ಲಿ ಅರೆಝೊ ಊರಿಗೆ ಕೈ ಹಾಕಿದಾಗ 'ತೆಗಿ ಕೈ' ಅಂದ, ತೆಗೆದ. ಒಂದೂರು ಇಟ್ಟುಕೊಳ್ಳೋಕೆ ಅಪ್ಪಣೆ ಬೇಕಿದ್ದವನು ದೇಶ ಕಟ್ಟುತ್ತಿದ್ದನಂತೆ. ಅತ್ತೆಗೆ ಮೀಸೆ ಬಂದಿದ್ದರೆ ಅನ್ನೋ ಲೆಕ್ಕ.

'ಹೀಗಾಗಿದ್ದರೆ' ಆಟ ಆಡಲೇಬೇಕೆಂದರೆ ನೂರು ವರ್ಷ ಹಿಂದಕ್ಕೆ ಹೋಗಿ, 1402ಕ್ಕೆ. ಆಗ ಮಿಲಾನಿನ ಒಡೆಯ ಜಾನ್ ಗಲೆಯಾತ್ಸೊ ವಿಸ್ಕೊಂತಿ. 1395ರಲ್ಲಿ ಜರ್ಮನಿಯ ದೊರೆ ವೆಂಚೆಸ್ಲಾಸನಿಗೆ 1,00,000 ಫ್ಲೋರಿನ್ ಕೊಟ್ಟು ಡ್ಯೂಕ್ ಪದವಿ ಕೊಂಡವನು. ಒಂದು ಫ್ಲೋರಿನ್ ಅಂದರೆ ಸುಮಾರು ಮೂರೂವರೆ ಗ್ರಾಂ ಚಿನ್ನ, ಅಂದರೆ 350 ಕೆ.ಜಿ. ಚಿನ್ನ ಕೊಟ್ಟು ಒಂದು ಬಿರುದು! ಮಾಂತುವಾ ಊರಿನ ಸುತ್ತಲಿನ ನೀರನ್ನೇ ತಿರುಗಿಸಿಬಿಡೋಣ ಅಂತ ಮಿಂಚೊ ನದಿಗೆ ವಲೆಜೊ ಹತ್ತಿರ ಅಡ್ಡ ಕಟ್ಟಿಸಿದ ಭಂಡ ಧೈರ್ಯದವನು. 1399ರಲ್ಲಿ ಪೀಸಾ, ಸಿಯೆನಾ, 1400ರಲ್ಲಿ ಪೆರೂಜಾ ಅವನ ಕೈಗೆ ಬಂದವು, 1402ರ ಜೂನ್ 26ಕ್ಕೆ ಕಸಲೆಕ್ಕಿಯೊ ಯುದ್ಧ ಗೆದ್ದ, ಅದರ ಬೆನ್ನಿಗೇ ಬೊಲೋನ್ಯಾ. ಅವನ ಎದುರಾಳಿ ಫ್ಲಾರೆನ್ಸಿಗೆ ಸುತ್ತಲೂ ಬೇಲಿ. ಆಗ ಪೋಪುಗಳೂ ಇಬ್ಬರು, ಒಬ್ಬರಿಗೊಬ್ಬರು ಶಾಪ ಹಾಕಿಕೊಂಡು ಕೂತಿದ್ದರು. ಇದಕ್ಕಿಂತ ಒಳ್ಳೆ ಸಮಯ ಮತ್ತೆ ಸಿಗಲಿಲ್ಲ.

ಸೆಪ್ಟೆಂಬರ್ 3ಕ್ಕೆ ಮೆಲೆನ್ಯಾನೊದಲ್ಲಿ ಅವನೂ ಜ್ವರದಿಂದ ಸತ್ತ.

'ನೋಡಿ, ಇಲ್ಲೂ ಜ್ವರವೇ ಅಲ್ವಾ?' ಅಂತೀರಿ. ಅಲ್ಲ ಸ್ವಾಮಿ. ಅವನ ಉಯಿಲು ತೆಗೆದು ನೋಡಿ. ಹಿರಿಯ ಮಗ ಜೊವಾನ್ನಿಗೆ ಮಿಲಾನ್, ಕಿರಿಯ ಫಿಲಿಪ್ಪೊಗೆ ಪಾವಿಯಾ, ಮದುವೆಯಾಚೆಗೆ ಹುಟ್ಟಿದ ಗಬ್ರಿಯೆಲೆಗೆ ಪೀಸಾ. ಹೊಲ ಹಂಚಿದ ಹಾಗೆ ಹಂಚಿಟ್ಟಿದ್ದ. ಇನ್ನೂ ಹತ್ತು ವರ್ಷ ಬದುಕಿದ್ದರೆ ಹಂಚೋಕೆ ಇನ್ನಷ್ಟು ಇರುತ್ತಿತ್ತು, ಅಷ್ಟೆ.

ಅದಕ್ಕಿಂತ ದೊಡ್ಡ ತೊಂದರೆ ಸೈನ್ಯದ್ದು, ಭೂಪಟ ಬಿಡಿಸುವವರು ಯಾರೂ ಮುಟ್ಟದ ಜಾಗ. ಆ ಸೈನ್ಯ ಅವನದಾಗಿರಲಿಲ್ಲ, ಗುತ್ತಿಗೆಯದು. ಗುತ್ತಿಗೆಪತ್ರಕ್ಕೆ 'ಕೊಂಡೊತ್ತಾ' ಅಂತ ಹೆಸರು. ಲೆಕ್ಕ 'ಲಾಂಚಾ'ದಲ್ಲಿ: ಕವಚ ತೊಟ್ಟ ಒಬ್ಬ ಸವಾರ, ಒಬ್ಬ ಸಹಾಯಕ, ಒಬ್ಬ ಹುಡುಗ, ಮೂರು ಕುದುರೆ. ಸಹಿ ಹಾಕಿದ ಕೂಡಲೇ ಮುಂಗಡ. ಇಷ್ಟು ತಿಂಗಳು ಖಾಯಂ, ಆಮೇಲೆ ಬೇಕಿದ್ದರೆ ಮುಂದುವರಿಸುವ ಹಕ್ಕು ಧಣಿಗೆ. ಹಾಜರಿ ದಿನ ಗುಮಾಸ್ತ ಒಂದೊಂದೇ ಕುದುರೆಯ ಬಣ್ಣ, ಮಚ್ಚೆ, ಬರೆ ಗುರುತು ಬರೆದುಕೊಳ್ಳಬೇಕು. ಯಾಕೆ? ಪಕ್ಕದ ತುಕಡಿಯಿಂದ ಕುದುರೆ ಎರವಲು ತಂದು ತಲೆ ಎಣಿಕೆ ತುಂಬಿಸಿ, ಇಲ್ಲದ ಸವಾರನ ಸಂಬಳ ಹೊಡೆಯೋದು ಮಾಮೂಲು. ಯುದ್ಧದಲ್ಲಿ ಕುದುರೆ ಸತ್ತರೆ ಪರಿಹಾರ ಕೊಡಬೇಕು, ಅದಕ್ಕೂ ಆ ಪಟ್ಟಿಯೇ ಆಧಾರ.

ಇಂಥ ಸೈನ್ಯದಲ್ಲಿ ಸಂಬಳ ನಿಂತರೆ ದಂಗೆ ಏಳಲ್ಲ, ಇನ್ನೂ ಕೆಟ್ಟದ್ದು ಆಗುತ್ತೆ: ಸೇನಾಪತಿ ಊರನ್ನೇ ಒತ್ತೆ ಇಟ್ಟುಕೊಳ್ತಾನೆ. ಡ್ಯೂಕ್ ಸತ್ತ ಎರಡು ಮೂರು ವರ್ಷದಲ್ಲಿ ಫಚಿನೊ ಕಾನೆ ಅಲೆಸ್ಸಾಂಡ್ರಿಯಾ ಹಿಡಿದ, ಪಂಡೊಲ್ಫೊ ಮಲತೆಸ್ತಾ ಬ್ರೆಶಾ ಹಿಡಿದ, ಒತ್ತೊಬುವೊನೊ ತೆರ್ಝೊ ಪಾರ್ಮಾ ಹಿಡಿದ. ಇವರ್ಯಾರೂ ಶತ್ರುಗಳಲ್ಲ, ಅವನದೇ ಪಡೆಯವರು! ವಿಚೆಂಝಾ, ವೆರೋನಾ ವೆನಿಸ್ ಪಾಲಾದವು. ಪೀಸಾ 1406ಕ್ಕೆ ಫ್ಲಾರೆನ್ಸಿಗೆ ಹೋಯಿತು.

ಅಂದಮೇಲೆ 'ಹೀಗಾಗಿದ್ದರೆ' ಕಥೆ ಬರೆಯೋದಾದರೆ ಜ್ವರ ವಾಸಿ ಮಾಡಬೇಡಿ, ಖಜಾನೆ ವಾಸಿ ಮಾಡಿ. ಫ್ಲಾರೆನ್ಸನ್ನು ನೋಡಿ: ಊರ ಜನರಿಂದ ಬಲವಂತದ ಸಾಲ ಎತ್ತಿ, ಆ ಸಾಲವನ್ನು 1345ರಿಂದಲೇ ಒಂದು ನಿಧಿಯಾಗಿಸಿ ಬಡ್ಡಿ ಕೊಡುತ್ತಿತ್ತು. ನಾಯಕ ಸತ್ತರೂ ಆ ನಿಧಿ ಸಾಯಲ್ಲ. ಮಿಲಾನಿನ ಬೊಕ್ಕಸ ಒಬ್ಬ ಮನುಷ್ಯನ ಬೊಕ್ಕಸ.

ಒಪ್ಪಿಕೊಳ್ತೀನಿ, 1402ರ ಆ ಬೇಸಿಗೆ ನನ್ನನ್ನೂ ಕಾಡುತ್ತೆ. ಆದರೆ ಅದೇ ಮಹಾನುಭಾವ ಮಗಳು ವಲೆಂತಿನಾಳನ್ನು ಫ್ರಾನ್ಸಿನ ದೊರೆಯ ತಮ್ಮನಿಗೆ ಕೊಟ್ಟು, 4,50,000 ಫ್ಲೋರಿನ್ ವರದಕ್ಷಿಣೆ ಮಾತಾಡಿ, ಜೊತೆಗೆ ಒಂದು ಊರನ್ನೂ ಬರೆದುಕೊಟ್ಟಿದ್ದ. ಊರ ಹೆಸರು ಆಸ್ತಿ. ನಾನು ಶ್ಲೇಷೆ ಮಾಡ್ತಿಲ್ಲ, ಹೆಸರೇ ಅದು. ಆ ವಲೆಂತಿನಾಳ ಮೊಮ್ಮಗನೇ ಹನ್ನೆರಡನೇ ಲೂಯಿ. 1499ರಲ್ಲಿ 'ಇದು ನನ್ನಜ್ಜಿಯ ಕಡೆಯದು' ಅಂತ ಮಿಲಾನಿಗೆ ಬಂದ. ಅವನ ಪರಿವಾರದಲ್ಲಿ ಕುದುರೆ ಏರಿ ಬಂದವರಲ್ಲಿ ನಿಮ್ಮ ಚೆಸಾರೆ ಬೋರ್ಜಿಯಾನೂ ಒಬ್ಬ. ಆ ಕೆಂಪು ಭೂಪಟದಲ್ಲಿ ಆಸ್ತಿ ಒಂದನ್ನಾದರೂ ಫ್ರಾನ್ಸಿನ ಬಣ್ಣಕ್ಕೆ ತಿದ್ದಿ, ಆಮೇಲೆ ಟ್ಯಾಗ್ ಮಾಡಿ.