ಗೇಟಿನೊಳಗೆ ಕಲೆ, ಗೇಟಿನಾಚೆ ಕಲಂ

ಅಡಿಕೆ ಕೊಯ್ಲಿನ ದಿನಗಳ ಒಂದು ಭಾನುವಾರ, ಶಿವಮೊಗ್ಗದ ಸಾಗರ ರಸ್ತೆಯ ಕಡೆಯ ಮೈದಾನವೊಂದರಲ್ಲಿ ಮಾಡಿಫೈ ಮಾಡಿದ ವಾಹನಗಳ ಪ್ರದರ್ಶನ ಏರ್ಪಟ್ಟಿತ್ತು. ಅಲ್ಲಿನ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ನನ್ನ ಅರ್ಹತೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬರಬೇಕಾಗಿದ್ದವರು ಬಂದಿರಲಿಲ್ಲ, ನಾನು ಹೊರಗೆ ಚಹಾ ಕುಡಿಯುತ್ತ ನಿಂತಿದ್ದೆ, ನನ್ನ ಮೂಗಿನ ಮೇಲೆ ಕನ್ನಡಕವಿತ್ತು. ಭಾಷಣ ಸ್ಪರ್ಧೆಗಾಗಲಿ ರಂಗೋಲಿ ಸ್ಪರ್ಧೆಗಾಗಲಿ ನಮ್ಮ ಕಡೆ ತೀರ್ಪುಗಾರರನ್ನು ಹಿಡಿದು ತರುವ ಕ್ರಮ ಇದೇ.

ಕೈಗೆ ಒಂದು ಅಂಕಪಟ್ಟಿ ಕೊಟ್ಟರು. ಸೈಲೆನ್ಸರ್, ಚಕ್ರ, ಸಸ್ಪೆನ್ಶನ್, ದೀಪ, ಬಂಪರ್, ಗಾಜು, ಬಣ್ಣ, ಸೌಂಡ್ ಸಿಸ್ಟಮ್ ಎಂದು ಅದರಲ್ಲಿ ಸಾಲಾಗಿ ಮನೆಗಳಿದ್ದವು. ಕಂಪನಿಯಿಂದ ಬಂದದ್ದು ಬಂದ ಹಾಗೆಯೇ ಉಳಿದಿದ್ದರೆ ಆ ಮನೆಗೆ ಸೊನ್ನೆ, ಕಿತ್ತು ಬೇರೆಯದನ್ನು ಹಾಕಿದ್ದರೆ ಹತ್ತರೊಳಗೆ ಅಂಕ. ಏನನ್ನೂ ಬದಲಾಯಿಸದ ವಾಹನಕ್ಕೆ ಈ ಬಳಗದಲ್ಲಿ 'ಸ್ಟಾಕ್' ಎಂದು ಹೆಸರು. 'ನಿನ್ನ ಗಾಡಿ ಇನ್ನೂ ಸ್ಟಾಕಾ?' ಎಂದು ಇವರು ಕೇಳುವ ದನಿಯಲ್ಲಿ, ಮೂವತ್ತೈದು ದಾಟಿದ ಹುಡುಗನನ್ನು ಮದುವೆಮನೆಯ ಪಂಕ್ತಿಯಲ್ಲಿ ಹಿಡಿದು ವಿಚಾರಿಸುವ ಅತ್ತೆಯ ಮರುಕವೇ ಇರುತ್ತದೆ.

ಕಚೇರಿ ಗುಮಾಸ್ತಿಕೆಯಲ್ಲಿ ಆಯುಷ್ಯ ಕಳೆದ ನನಗೆ ಯಾವ ಪಟ್ಟಿ ಕಂಡರೂ ಅದರ ಇನ್ನೊಂದು ಪ್ರತಿ ಎಲ್ಲೋ ಇರಬೇಕೆಂಬ ಅನುಮಾನ ಬರುತ್ತದೆ. ಈ ಪಟ್ಟಿಯ ಇನ್ನೊಂದು ಪ್ರತಿ ನಿಜಕ್ಕೂ ಇದೆ. ಅದು 1988ರ ಮೋಟಾರು ವಾಹನ ಕಾಯ್ದೆಯಲ್ಲಿದೆ. ತಯಾರಕರು ನಿಗದಿಪಡಿಸಿ ನೋಂದಣಿ ಪತ್ರದಲ್ಲಿ ದಾಖಲಾದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಯಾವ ಮಾಲೀಕನೂ ತನ್ನ ವಾಹನವನ್ನು ಬದಲಾಯಿಸಬಾರದು ಎನ್ನುತ್ತದೆ ಅದರ ಕಲಂ 52. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೊಮ್ಮೆ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಕಲಂ 182ಎ, ಅನುಮತಿಯಿಲ್ಲದ ಬದಲಾವಣೆಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಅದರಲ್ಲಿಯೂ ದಂಡ ವಾಹನಕ್ಕೆ ಇಷ್ಟೆಂದಲ್ಲ, ಪ್ರತಿಯೊಂದು ಬದಲಾವಣೆಗೆ ಇಷ್ಟೆಂದು. ಒಪ್ಪಿಗೆ ಪಡೆದು ಸಿಎನ್‌ಜಿ ಕಿಟ್ ಹಾಕಿಸುವುದು, ಅಂಗವಿಕಲರು ಓಡಿಸಲು ಅನುವಾಗುವಂತೆ ಮಾರ್ಪಡಿಸುವುದು, ಬಣ್ಣ ಬದಲಿಸಿ ಆರ್‌ಸಿಯಲ್ಲಿ ನಮೂದು ಮಾಡಿಸುವುದು ಮುಂತಾದವಕ್ಕೆ ಕಾನೂನಿನಲ್ಲಿ ದಾರಿಯಿದೆ. ಆದರೆ ಅಂಥ ಒಪ್ಪಿಗೆಗಾಗಲಿ ನಮೂದಿಗಾಗಲಿ ನಮ್ಮ ಅಂಕಪಟ್ಟಿಯಲ್ಲಿ ಮನೆಯಿರಲಿಲ್ಲ.

ಹೀಗಾಗಿ ನಾನು ಪೆನ್ನು ಹಿಡಿದು ಒಂದೊಂದು ಮನೆ ತುಂಬಿದಂತೆಲ್ಲ, ಕಾಯ್ದೆಯ ಲೆಕ್ಕದಲ್ಲಿ ಆ ಮಾಲೀಕನ ತಲೆಯ ಮೇಲೆ ಐದೈದು ಸಾವಿರ ಏರುತ್ತಿತ್ತು. ನನ್ನ ಮುಂದೆ ಮೊದಲು ನಿಂತ ಕಾರಿನಲ್ಲಿ ಹದಿನಾಲ್ಕು ಬದಲಾವಣೆಗಳಿದ್ದವು, ಅಂದರೆ 70,000 ರೂಪಾಯಿ. ಪ್ರಥಮ ಬಹುಮಾನ 10,000 ರೂಪಾಯಿ ಎಂದು ಬ್ಯಾನರಿನಲ್ಲಿ ಬರೆದಿದ್ದರು. ಅಂಕಪಟ್ಟಿಯ ಅಡಿಯಲ್ಲೊಂದು ಕಾರ್ಬನ್ ಹಾಳೆ ಇಟ್ಟು, ಮೇಲಿನ ಪ್ರತಿಯನ್ನು ವೇದಿಕೆಗೂ ಕೆಳಗಿನ ಪ್ರತಿಯನ್ನು ಆರ್‌ಟಿಒ ಕಚೇರಿಗೂ ಕಳಿಸಿದರೆ ಇಲಾಖೆಯ ಒಂದು ವರ್ಷದ ತಪಾಸಣೆ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ ಎಂದು ಸಂಘಟಕರಿಗೆ ಸಲಹೆ ಕೊಟ್ಟೆ. ಅವರು ನಕ್ಕು, "ಸಾರ್, ಇದು ಕಲೆ" ಎಂದರು. ಮಾತು ನಿಜ. ಗೇಟಿನೊಳಗೆ ಅದು ಕಲೆ, ಗೇಟು ದಾಟಿದರೆ ಕಲಂ. ಕನ್ನಡದಲ್ಲಿ ಕಲೆ ಎಂಬ ಪದಕ್ಕೆ ಸೋಪು ಹಾಕಿ ಉಜ್ಜಿದರೂ ಹೋಗದ್ದು ಎಂಬ ಅರ್ಥವೂ ಇದೆ ಎಂಬುದನ್ನು ನಾನು ಎತ್ತಲಿಲ್ಲ.

ಆ ಹದಿನಾಲ್ಕು ಬದಲಾವಣೆಯ ಕಾರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೂಲತಃ ಅದು ಊರಿನ ಮೇಷ್ಟರುಗಳೆಲ್ಲ ಸಾಲ ಮಾಡಿ ಕೊಳ್ಳುವ ಸಣ್ಣ ಕಾರು. ಸ್ಪ್ರಿಂಗುಗಳನ್ನು ಕತ್ತರಿಸಿ ಅದನ್ನು ಎಷ್ಟು ತಗ್ಗಿಸಿದ್ದರೆಂದರೆ, ಅದರ ಹೊಟ್ಟೆಗೂ ನೆಲಕ್ಕೂ ನಡುವೆ ನನ್ನ ಚಪ್ಪಲಿ ಹೋಗುತ್ತಿತ್ತು, ಪಾದ ಸಮೇತ ಹೋಗುತ್ತಿರಲಿಲ್ಲ. ಗೇಟಿನ ಬಳಿ ಶಾಮಿಯಾನದವರು ಹಾಸಿದ್ದ ಒಂದು ವಿದ್ಯುತ್ ತಂತಿಯನ್ನು ದಾಟುವುದಕ್ಕೆ ಇಬ್ಬರು ಹುಡುಗರು ಓಡಿಬಂದು ಚಕ್ರದ ಮುಂದೆ ಹಲಗೆಗಳನ್ನು ಇಟ್ಟರು, ಕಾರು ಹಲಗೆಯನ್ನೇರಿ ಇಳಿಯಿತು, ಅವರು ಹಲಗೆಗಳನ್ನು ಎತ್ತಿಕೊಂಡು ಮತ್ತೆ ಮುಂದಕ್ಕೆ ಓಡಿದರು. ತೇರಿನ ದಿನ ಗಾಲಿಯ ಅಡಿಗೆ ಮರದ ಅಡೆ ಕೊಡುತ್ತ ಹಿಂದುಮುಂದಾಗಿ ಓಡುವವರನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ; ತೇರಿನೊಳಗೆ ದೇವರಿರುತ್ತಾನೆ ಎಂಬುದಷ್ಟೇ ವ್ಯತ್ಯಾಸ. ಭದ್ರಾವತಿಯಿಂದ ಇಲ್ಲಿಯವರೆಗೆ ಹೇಗೆ ಬಂದಿರಿ ಎಂದು ಮಾಲೀಕನನ್ನು ಕೇಳಿದೆ. ಲಾರಿಯ ಮೇಲೆ ಬಂದೆವು ಎಂದ. ರಸ್ತೆಗಿಳಿಯದ ವಾಹನಕ್ಕೆ ಅಷ್ಟು ಚೆಂದದ ಚಕ್ರಗಳೇಕೆ ಎಂದು ಕೇಳುವುದು ತೀರ್ಪುಗಾರನ ಕೆಲಸವಲ್ಲವಾದ್ದರಿಂದ ಚಕ್ರದ ಮನೆಯಲ್ಲಿ ಒಂಬತ್ತು ಅಂಕ ಬರೆದೆ.

ಪಕ್ಕದಲ್ಲಿ ನಿಂತಿದ್ದ ಜೀಪು ಇದಕ್ಕೆ ತದ್ವಿರುದ್ಧ. ಅದನ್ನು ಏರಲು ನಿಜಕ್ಕೂ ಏಣಿ ಬೇಕಿತ್ತು, ಮತ್ತು ಏಣಿಗೆ ಅಂಕವಿತ್ತು. ಎದೆಯೆತ್ತರದ ಟೈರು, ಮುಂದೆ ಮರ ಎಳೆಯುವ ವಿಂಚು, ಮೇಲೆ ಡೀಸೆಲ್ ಡಬ್ಬಿಗಳು, ಪಕ್ಕದಲ್ಲಿ ಹೊಳೆ ದಾಟುವಾಗ ಎಂಜಿನ್ನಿಗೆ ನೀರಿನ ಮೇಲಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಎಂಬ ಕೊಳವೆ. ಗಾಜನೂರಿನ ಹಿನ್ನೀರಿಗೆ ಇಳಿಸಿದ್ದೀರಾ ಎಂದೆ. ಮಾಲೀಕ ಗಾಬರಿಯಾಗಿ, ಸೆರಾಮಿಕ್ ಕೋಟಿಂಗ್ ಹಾಳಾಗುತ್ತದೆ ಸಾರ್, ನೀರು ಮುಟ್ಟಿಸುವುದಿಲ್ಲ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸುವುದಷ್ಟೇ ಎಂದು ಕೊಳವೆಯನ್ನು ಒರೆಸಿ ತೋರಿಸಿದ. ಮೇಲಿನ ಡಬ್ಬಿಯನ್ನು ತಟ್ಟಿ ನೋಡಿದೆ, ಖಾಲಿ. ಮುಂಭಾಗದ ಉಕ್ಕಿನ ಬುಲ್ ಬಾರ್ ಮಾತ್ರ ಖಾಲಿ ಅಲ್ಲ, ಗಟ್ಟಿ. ಪಾದಚಾರಿಗಳಿಗೆ ಅಪಾಯ, ಏರ್‌ಬ್ಯಾಗ್ ಸಕಾಲಕ್ಕೆ ಬಿಚ್ಚಿಕೊಳ್ಳುವುದಕ್ಕೂ ಅಡ್ಡಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಇದರ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿದೆ. ಈತ ಹೇಳಿದ ಸಮರ್ಥನೆ ಏನೆಂದರೆ, ಆಗುಂಬೆಯ ಕಡೆ ಕಾಟಿಗಳು ಅಡ್ಡ ಬರುತ್ತವೆ. ಕೊನೆಯ ಬಾರಿ ಆಗುಂಬೆಗೆ ಹೋದದ್ದು ಯಾವಾಗ ಎಂದರೆ, ಅಲ್ಲಿ ಮಳೆ ಜಾಸ್ತಿ, ಹೋಗಿಲ್ಲ ಎಂದ. ಕಾರಿನವನಿಗೆ ರಸ್ತೆ ಆಗದು, ಜೀಪಿನವನಿಗೆ ಕಾಡು ಆಗದು. ಇಬ್ಬರಿಗೂ ಒಗ್ಗುವ ನೆಲ ಇದೊಂದೇ ಮೈದಾನ.

ಹನ್ನೆರಡು ಗಂಟೆಗೆ ಸೈಲೆನ್ಸರ್ ಸ್ಪರ್ಧೆ. ಮೊಬೈಲಿನ ಆ್ಯಪ್ ಒಂದನ್ನು ಹಿಂಬದಿಗೆ ಹಿಡಿದು ಯಾರ ಬೈಕು ಹೆಚ್ಚು ಡೆಸಿಬೆಲ್ ಕಕ್ಕುತ್ತದೆಯೋ ಅವರಿಗೆ ಬಹುಮಾನದ ಕಪ್ಪು. 175 ಸಿಸಿಗಿಂತ ದೊಡ್ಡ ಬೈಕುಗಳಿಗೆ ತಯಾರಿಕೆಯ ಹಂತದಲ್ಲಿ ನಿಗದಿಯಾದ ಮಿತಿ 80 ಡೆಸಿಬೆಲ್. ಗೆದ್ದವನದು 110. ಮೂವತ್ತೇ ಹೆಚ್ಚಲ್ಲವೇ ಎಂದು ತಿಳಿಯಬಾರದು. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟು, ಆದ್ದರಿಂದ ಮೂವತ್ತು ಏರಿದರೆ ಸಾವಿರ ಪಟ್ಟು. ಎರಡನೆಯ ಸ್ಥಾನ ಒಂದು ಯಮಾಹಾ ಆರ್‌ಎಕ್ಸ್ 100ಕ್ಕೆ ಹೋಯಿತು. 1985ರಿಂದ 1996ರವರೆಗೆ ತಯಾರಾದ ಈ 98 ಸಿಸಿಯ ಟೂ ಸ್ಟ್ರೋಕ್ ಬೈಕನ್ನು, ಅದರ ತಯಾರಿಕೆ ನಿಂತ ಮೇಲೆ ಹುಟ್ಟಿದ ಹುಡುಗರು ಮನೆದೇವರಂತೆ ಪೂಜಿಸುತ್ತಾರೆ. ಪೂಜೆಯ ಮೊದಲ ವಿಧಿ ಎಂದರೆ ಅದರ ಸೈಲೆನ್ಸರನ್ನು ಕೊಯ್ಯುವುದು. ಟೂ ಸ್ಟ್ರೋಕ್ ಎಂಜಿನ್ನಿನ ಸೈಲೆನ್ಸರ್ ಬರಿಯ ಹೊಗೆಕೊಳವೆಯಲ್ಲ. ಅದರ ಉಬ್ಬಿದ ಹೊಟ್ಟೆಯಿಂದ ಹಿಂದಿರುಗುವ ಒತ್ತಡದ ಅಲೆ, ಸುಡದೆಯೇ ಹೊರಗೋಡಲು ಹವಣಿಸುವ ಪೆಟ್ರೋಲ್ ಮಿಶ್ರಣವನ್ನು ಮತ್ತೆ ಸಿಲಿಂಡರಿನೊಳಕ್ಕೆ ತಳ್ಳುತ್ತದೆ. ಆ ಹೊಟ್ಟೆಯನ್ನು ಕೊಯ್ದರೆ ಸದ್ದು ಹೆಚ್ಚುತ್ತದೆ, ಎಳೆತ ತಗ್ಗುತ್ತದೆ, ಪೆಟ್ರೋಲು ಗಾಳಿಪಾಲಾಗುತ್ತದೆ. ಕೆಲಸ ಕಡಿಮೆಯಾದಷ್ಟೂ ಸದ್ದು ಜೋರಾಗುವ ಈ ತತ್ತ್ವವನ್ನು ಊರಿನ ಇತರ ಕ್ಷೇತ್ರಗಳಲ್ಲಿಯೂ ಕಂಡಿದ್ದೇನಾದರೂ, ಈ ದಿನದ ವಿಷಯ ವಾಹನಗಳದು.

ಮುಖ್ಯ ಅತಿಥಿಗಳು ಎರಡು ಗಂಟೆ ತಡವಾಗಿ ಬಂದರು. ಅವರೊಬ್ಬ ಜನಪ್ರತಿನಿಧಿ. ಅವರ ಕಾರಿನ ಗಾಜು ಎಷ್ಟು ಕಪ್ಪಗಿತ್ತೆಂದರೆ, ಬಾಗಿಲು ತೆರೆಯುವ ತನಕ ಒಳಗೆ ಅತಿಥಿಗಳಿದ್ದಾರೋ ಇಲ್ಲವೋ ತಿಳಿಯದೆ ಸಂಘಟಕರು ಹಾರವನ್ನು ಚಾಲಕನ ಕೊರಳಿಗೆ ಹಾಕಲು ಹೋದರು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದವುಗಳಲ್ಲಿ ಶೇ 50ರಷ್ಟು ಬೆಳಕು ಹಾಯಬೇಕು, ಮೇಲೆ ಕಪ್ಪು ಫಿಲ್ಮ್ ಅಂಟಿಸುವಂತೆಯೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತ್ತು. ನನ್ನ ಪಕ್ಕದ ತೀರ್ಪುಗಾರರು ಈ ಕಾರನ್ನೂ ಸ್ಪರ್ಧೆಗೆ ಬಂದದ್ದೆಂದು ತಿಳಿದು ಗಾಜಿನ ಮನೆಯಲ್ಲಿ ಎಂಟು ಅಂಕ ಬರೆದಿದ್ದರು, ಹೊಡೆದುಹಾಕಿಸಬೇಕಾಯಿತು. ಅತಿಥಿಗಳು ಯುವಕರ ಪ್ರತಿಭೆಯನ್ನು ಕೊಂಡಾಡಿ, ಇಂಥವರ ಬೆನ್ನಿಗೆ ಸರ್ಕಾರ ನಿಲ್ಲುತ್ತದೆ ಎಂದರು. ಸರ್ಕಾರ ನಿಲ್ಲುವುದನ್ನು ನಾವು ಕಂಡೂ ಇದ್ದೇವೆ. 2023ರ ಫೆಬ್ರವರಿಯಲ್ಲಿ ಬಾಕಿ ಉಳಿದ ಸಂಚಾರ ದಂಡಗಳ ಮೇಲೆ ಶೇ 50 ರಿಯಾಯಿತಿ ಘೋಷಿಸಿದಾಗ, ತಪ್ಪು ಮಾಡದೆ ಕುಳಿತವರು ಆಷಾಢದ ಸೀರೆ ಮಾರಾಟ ತಪ್ಪಿಸಿಕೊಂಡವರಂತೆ ಪೆಚ್ಚಾಗಿದ್ದರು.

ಈ ನಡುವೆ ಒಂದು ಎಡವಟ್ಟಾಯಿತು. ಶಾಮಿಯಾನದ ಕಂಬಗಳನ್ನೂ ಕುರ್ಚಿಗಳನ್ನೂ ಹೊತ್ತು ತಂದ ಹಳೆಯ ಜೀಪೊಂದು ವೇದಿಕೆಯ ಬದಿಯಲ್ಲಿ ನಿಂತಿತ್ತು. ಬೆಳಿಗ್ಗೆ ಗೇಟಿನಲ್ಲಿದ್ದ ಹುಡುಗ ಒಳಗೆ ಬಂದ ಎಲ್ಲ ವಾಹನಗಳಿಗೂ ಸಂಖ್ಯೆಯ ಚೀಟಿ ಅಂಟಿಸಿದ್ದನಷ್ಟೆ. ಇದಕ್ಕೆ 37 ಸಿಕ್ಕಿತ್ತು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಜೀಪದು. ಬಾನೆಟ್ಟಿನ ಅಂಚು ತುಕ್ಕು ಹಿಡಿದು ಹಪ್ಪಳದಂತೆ ತಿಂದುಹೋಗಿತ್ತು. ಬಾಗಿಲಿನ ಜಾಗದಲ್ಲಿ ಸರಪಳಿ, ಆಸನದ ಜಾಗದಲ್ಲಿ ಗೋಣಿಚೀಲ, ಹಿಂಬದಿಯಲ್ಲಿ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಚೆಲ್ಲಿ ಒಣಗಿದ ತಿಳಿನೀಲಿ ಬಣ್ಣ. ಬೆಂಗಳೂರಿನಿಂದ ಬಂದಿದ್ದ ಮೂರನೆಯ ತೀರ್ಪುಗಾರರು ಅದರ ಮುಂದೆ ಉಸಿರು ಬಿಗಿಹಿಡಿದು ನಿಂತರು. ತುಕ್ಕು ಹಿಡಿದಂತೆ ಕಾಣುವ ಹಾಗೆ ಬಣ್ಣ ಬಳಿಸುವುದು ಈಗ ದೊಡ್ಡ ಫ್ಯಾಶನ್ ಅಂತೆ, ಅದಕ್ಕೆ ಪಟಿನಾ ಎಂದು ಹೆಸರಂತೆ, ಲಕ್ಷ ರೂಪಾಯಿ ಸುರಿದರೂ ಇಷ್ಟು ಸಹಜವಾಗಿ ಬರುವುದಿಲ್ಲವಂತೆ. ಅವರು ಮಾಲೀಕರನ್ನು ಕರೆದು, "ಈ ಫಿನಿಶ್ ಯಾರ ಕೈಲಿ ಮಾಡಿಸಿದಿರಿ?" ಎಂದು ಕೇಳಿದರು.

"ಮಳೆಗಾಲ" ಎಂದರು ಆ ಹಿರಿಯರು.

ವಿಶೇಷ ಬಹುಮಾನ 37ಕ್ಕೆ ಬಂತು. ಒಂದು ಕಪ್ಪು, ಒಂದು ಶಾಲು, ಜೊತೆಗೆ ಸೆರಾಮಿಕ್ ಕೋಟಿಂಗ್ ಉಚಿತವಾಗಿ ಮಾಡಿಸಿಕೊಳ್ಳಲು ಒಂದು ಕೂಪನ್. ಹಿರಿಯರು ಕೂಪನ್ನನ್ನು ಎರಡೂ ಬದಿ ಓದಿಸಿಕೊಂಡು, ಇದರ ಬದಲಿಗೆ ತಾಡಪಾಲು ಕೊಡಲಾಗುತ್ತದೆಯೇ, ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದೇವೆ, ಮೋಡ ಕಾಣುತ್ತಿದೆ ಎಂದು ವಿನಯದಿಂದ ವಿಚಾರಿಸಿದರು. ಅಂಥ ಅವಕಾಶವಿಲ್ಲವೆಂದು ತಿಳಿಸಲಾಯಿತು.

ಸಂಜೆ ಐದಕ್ಕೆ ಮೈದಾನದ ಹಿಂಬದಿಯಲ್ಲಿ ಸ್ಪ್ಯಾನರುಗಳ ಸದ್ದೆದ್ದಿತು. ಹುಡುಗರು ಕುಕ್ಕರುಗಾಲಿನಲ್ಲಿ ಕುಳಿತು, ಕಪ್ಪು ಗೆದ್ದ ಸೈಲೆನ್ಸರುಗಳನ್ನು ಬಿಚ್ಚಿ ಗೋಣಿಯಲ್ಲಿ ಸುತ್ತಿ, ಮನೆಯಿಂದ ಚೀಲದಲ್ಲಿ ತಂದಿದ್ದ ಕಂಪನಿ ಸೈಲೆನ್ಸರುಗಳನ್ನು ಮರಳಿ ಜೋಡಿಸುತ್ತಿದ್ದರು. ಸಿಕ್ಕಿಬಿದ್ದ ಸೈಲೆನ್ಸರುಗಳನ್ನು ಪೊಲೀಸರು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ದೃಶ್ಯವನ್ನು ನಮ್ಮ ರಾಜ್ಯದ ಹಲವು ಊರುಗಳು ಕಂಡಿವೆಯಾದ್ದರಿಂದ ಈ ಎಚ್ಚರಿಕೆ. ನನಗೆ ಯಕ್ಷಗಾನದ ಚೌಕಿಮನೆ ನೆನಪಾಯಿತು. ರಾತ್ರಿಯಿಡೀ ಅಬ್ಬರಿಸಿದ ರಕ್ಕಸ ಬೆಳಗಿನ ಜಾವ ಕಿರೀಟ ಇಳಿಸಿ, ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿ, ಮೊದಲ ಬಸ್ಸಿಗೆ ಸಾಮಾನ್ಯನಾಗಿ ಹತ್ತುವ ಹಾಗೆ, ಒಂದೊಂದೇ ಬೈಕು ಸ್ಟಾಕ್ ಆಗಿ ಗೇಟು ದಾಟಿತು. ತಗ್ಗಿದ ಕಾರನ್ನು ಹಲಗೆಯ ಮೇಲಿಂದ ಲಾರಿಗೆ ಹತ್ತಿಸಿದರು. ಬೆಳಗಿನಿಂದ ಒಳಗೆ ಬಂದೋಬಸ್ತಿನಲ್ಲಿದ್ದು, ಸೈಲೆನ್ಸರ್ ಸ್ಪರ್ಧೆಗೆ ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದ್ದ ಪೊಲೀಸಿನವರು ಈಗ ಗೇಟಿನಾಚೆ ನಿಂತು ತಪಾಸಣೆ ಶುರು ಮಾಡಿದ್ದರು. ಯಾವ ವಾಹನದಲ್ಲಿಯೂ ಅವರಿಗೆ ದೋಷ ಕಾಣಲಿಲ್ಲ.

ಕೊನೆಗೆ ಬಂದದ್ದು 37. ಅದಕ್ಕೆ ಕಳಚುವ ವೇಷವಿರಲಿಲ್ಲ. ಕಂಬಗಳ ನಡುವೆ ಕಪ್ಪನ್ನು ಹಗ್ಗದಿಂದ ಬಿಗಿದುಕೊಂಡು ಬಂದ ಜೀಪನ್ನು ಅವರು ಕೈಯೊಡ್ಡಿ ನಿಲ್ಲಿಸಿದರು. ಟಾರ್ಚು ಹಾಕಿ ಸುತ್ತ ನೋಡಿ, ಇದರಲ್ಲಿ ಏನೇನು ಬದಲಾಯಿಸಿದ್ದೀರಿ ಎಂದು ಕೇಳಿದರು.

"ಬದಲಾಯಿಸದೆ ಉಳಿದದ್ದನ್ನು ಹೇಳಿದರೆ ಬೇಗ ಮುಗಿಯುತ್ತದೆ" ಎಂದರು ಹಿರಿಯರು. ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂದದ್ದು ತಂದೆಯ ಕಾಲದಲ್ಲಿ, ಗೇರ್ ಬಾಕ್ಸ್ ಇನ್ನೊಂದು ಜೀಪಿನದು, ಆಕ್ಸಲ್ ಮತ್ತೊಂದರದು, ಚಾಸಿಗೆ ಬೆಸುಗೆ ಹಾಕದ ಜಾಗವಿಲ್ಲ, ಸ್ಟೀರಿಂಗು ಕಳೆದ ವರ್ಷ ಗುಜರಿಯಿಂದ ತಂದದ್ದು. "ಆಗಿನಿಂದ ಈಗಿನವರೆಗೆ ಹಾಗೇ ಇರುವುದು ಈ ನಂಬರ್ ಪ್ಲೇಟ್ ಒಂದೇ. ಅಪ್ಪ ಪೇಂಟರಿನಿಂದ ಬರೆಸಿದ್ದು. ಅದನ್ನು ಮುಟ್ಟಿಲ್ಲ."

ಪೊಲೀಸಿನವರು ಟಾರ್ಚನ್ನು ನಂಬರ್ ಪ್ಲೇಟಿನ ಮೇಲೆ ಬಿಟ್ಟರು. 2019ರ ಏಪ್ರಿಲ್‌ಗಿಂತ ಮೊದಲು ನೋಂದಣಿಯಾದ ವಾಹನಗಳೆಲ್ಲ ಹಳೆಯ ಫಲಕ ಕಿತ್ತು ಅತಿ ಸುರಕ್ಷಿತ ಫಲಕ ಹಾಕಿಸಬೇಕೆಂಬ ಆದೇಶವಿದೆ. 2023ರ ನವೆಂಬರ್ 17 ಎಂದು ಮೊದಲು ಗೊತ್ತುಮಾಡಿದ ಗಡುವು ಆಮೇಲೆ ಕಂತುಕಂತಾಗಿ ಮುಂದಕ್ಕೆ ಹೋಗುತ್ತಲೇ ಇತ್ತು.

"ಯಜಮಾನರೇ, ಉಳಿದದ್ದನ್ನೆಲ್ಲ ಬಿಡಿ" ಎಂದರು ಅವರು, ರಸೀದಿ ಪುಸ್ತಕ ತೆರೆಯುತ್ತ. "ಇದನ್ನು ಯಾಕೆ ಬದಲಾಯಿಸಿಲ್ಲ?"